‘ನಮ್ಮ ಲಿಮಿಟ್ಟಿಗೆ ಬರಲ್ಲ’: ಗಡಿಯಾಚೆಯ ಇಂಟರ್ನೆಟ್‌ಗೆ ಸರ್ಕಾರದ ಕೈ ಎಷ್ಟು ಉದ್ದ?

ಚನ್ನಪಟ್ಟಣದಿಂದ ಮದ್ದೂರಿಗೆ ಹೋಗೋ ದಾರೀಲಿ ಮೊಬೈಲ್ ಕಳುವಾಯ್ತು ಅನ್ಕೊಳ್ಳಿ. ಕದ್ದವರು ಯಾರು ಅನ್ನೋದಕ್ಕಿಂತ ಮೊದಲು ಬರೋ ಪ್ರಶ್ನೆ, ಎಲ್ಲಿ ಹೋಯ್ತು ಅನ್ನೋದು. ಊರೊಳಗೆ ಆದ್ರೆ ಒಂದು ಠಾಣೆ, ರೈಲಲ್ಲಿ ಆದ್ರೆ ರೈಲ್ವೆ ಪೊಲೀಸ್, ನಿಡಘಟ್ಟ ಮುಟ್ಟಿದ ಮೇಲೆ ಆದ್ರೆ ಮಂಡ್ಯ ಜಿಲ್ಲೆ. ‘ಇದು ನಮ್ಮ ಲಿಮಿಟ್ಟಿಗೆ ಬರಲ್ಲ’ ಅನ್ನೋ ಮಾತು ನಮ್ಮ ಜನಕ್ಕೆ ಹೊಸದೇನಲ್ಲ. ಈ ಅಲೆದಾಟ ತಪ್ಪಿಸೋಕೆ ಅಂತಲೇ, 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ‘ಝೀರೋ ಎಫ್‌ಐಆರ್’ಗೆ ಜಾಗ ಕೊಟ್ಟಿದ್ದಾರೆ. ಅಪರಾಧ ಎಲ್ಲೇ ನಡೆದಿರಲಿ, ನೀವು ಹೋದ ಠಾಣೆಯವರು ದೂರು ಬರ್ಕೋಬೇಕು. ಸಂಬಂಧಪಟ್ಟ ಠಾಣೆಗೆ ಕಳಿಸೋದು ಅವರ ಕೆಲಸ. ಇದು ಸಾಧ್ಯವಾಗಿದ್ದು ಎರಡೂ ಠಾಣೆಗಳ ಮೇಲೆ ಒಂದೇ ಕಾನೂನು ಇರೋದ್ರಿಂದ.

ದೇಶ ದೇಶಗಳ ನಡುವೆ ಹಾಗೆ ಇಬ್ಬರ ಮೇಲೂ ಇರೋ ಕಾನೂನು ಇಲ್ಲ. ಆದರೆ ಇಂಟರ್ನೆಟ್ ಮಾತ್ರ ದಿನಕ್ಕೆ ನೂರು ಸಲ ದೇಶದ ಗಡಿ ದಾಟತ್ತೆ. ಈ ಎರಡರ ನಡುವೆ ಸಿಕ್ಕಿಬಿದ್ದ ಒಂದು ಕೇಸು ನಮ್ಮ ರಾಜ್ಯದ ಹೈಕೋರ್ಟಿಗೇ ಬಂದಿತ್ತು.

ಒಂದು ವಿನ್ಯಾಸ ಸಂಸ್ಥೆಯ ಮಹಿಳಾ ಉದ್ಯೋಗಿಯನ್ನು ಗುರಿ ಮಾಡಿ ಅಶ್ಲೀಲ ಇಮೇಲ್‌ಗಳು ಬರೋಕೆ ಶುರುವಾದವು. ಎಐ ಬಳಸಿ ಮಾಡಿದ ನಕಲಿ ಚಿತ್ರಗಳೂ ಅದರಲ್ಲಿದ್ದವು. ಕಳಿಸಿದವರು ಬಳಸಿದ್ದು ಪ್ರೋಟಾನ್ ಮೇಲ್ ಅನ್ನೋ ಸೇವೆ. ಅದರ ಕಂಪನಿ ಇರೋದು ಸ್ವಿಟ್ಜರ್ಲೆಂಡಿನಲ್ಲಿ. ಕಳಿಸಿದವರ ವಿವರ ಸಿಗದೆ ಸಂಸ್ಥೆ ಹೈಕೋರ್ಟಿಗೆ ಹೋಯ್ತು. 2025ರ ಏಪ್ರಿಲ್ 29ರಂದು ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಆದೇಶ ಕೊಟ್ಟರು: ಐಟಿ ಕಾಯ್ದೆಯ ಕಲಂ 69ಎ ಅಡಿಯಲ್ಲಿ ಪ್ರೋಟಾನ್ ಮೇಲ್ ತಡೆಯೋ ಪ್ರಕ್ರಿಯೆಯನ್ನು ಕೇಂದ್ರ ಸರ್ಕಾರ ಶುರು ಮಾಡಬೇಕು, ಅದು ಮುಗಿಯೋವರೆಗೆ ಆಕ್ಷೇಪಾರ್ಹ ಯುಆರ್‌ಎಲ್‌ಗಳನ್ನು ತಡೀಬೇಕು.

ಆಕೆಗೆ ಆದ ನೋವು ನಿಜ. ಆ ಸೇವೆಯನ್ನು ನೆಟ್ಟಗೆ ಬಳಸ್ತಿರೋ ಉಳಿದ ಭಾರತೀಯರೂ ನಿಜ. ಹೀಗಿರುವಾಗ ಸರ್ಕಾರ ಏನನ್ನ ಹಿಡೀಬೇಕು? ಹಿಡಿಯೋಕೆ ಸಿಗೋದು ಮೂರೇ ಜಾಗ: ತಂತಿ, ಕಂಪನಿ, ಇನ್ನೊಂದು ಸರ್ಕಾರ. ಯಾವುದನ್ನ ಹಿಡೀತಾರೆ ಅನ್ನೋದರ ಮೇಲೆ ಪೆಟ್ಟು ಯಾರಿಗೆ ಬೀಳತ್ತೆ ಅನ್ನೋದು ತೀರ್ಮಾನ ಆಗತ್ತೆ. ಒಂದೊಂದಾಗಿ ನೋಡೋಣ.

ಮೊದಲು ಒಂದು ಲೆಕ್ಕ

ಇಂಟರ್ನೆಟ್‌ಗೆ ಗಡಿಯೇ ಇಲ್ಲ ಅಂತ ಹೇಳೋದು ರೂಢಿ. ಇಂಜಿನಿಯರಿಂಗ್ ಓದೋ ನಾವು ಅದನ್ನ ಹಾಗೇ ಒಪ್ಕೋಬೇಕಾಗಿಲ್ಲ. ಪ್ರತಿ ಸರ್ವರ್ ಯಾವುದೋ ಒಂದು ಊರಿನ ಯಾವುದೋ ಕಟ್ಟಡದಲ್ಲಿ ಕರೆಂಟು ಕುಡೀತಾ ಕೂತಿರತ್ತೆ. ಫೈಬರಿನೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿ.ಮೀ. ಹೋಗತ್ತೆ. ಅಂದ್ರೆ ಒಂದು ಮಿಲಿಸೆಕೆಂಡಿಗೆ 200 ಕಿ.ಮೀ. ಹೋಗಿ ಬರೋ ಲೆಕ್ಕ ಹಿಡಿದರೆ ಪ್ರತಿ 100 ಕಿ.ಮೀ. ದೂರಕ್ಕೆ ಕನಿಷ್ಠ 1 ಮಿಲಿಸೆಕೆಂಡ್.

ಹಾಸ್ಟೆಲ್ಲಲ್ಲಿ ಕೂತು ಯಾವುದಾದರೂ ಸರ್ವರ್‌ಗೆ ಪಿಂಗ್ ಮಾಡಿ. 5 ಮಿಲಿಸೆಕೆಂಡಲ್ಲಿ ಉತ್ತರ ಬಂದರೆ ಅದು 500 ಕಿ.ಮೀ. ಒಳಗೇ ಇರಬೇಕು. ಸಿಂಗಾಪುರ ಇಲ್ಲಿಂದ ಸುಮಾರು 3,200 ಕಿ.ಮೀ., ಹಾಗಾಗಿ 32 ಮಿಲಿಸೆಕೆಂಡಿಗಿಂತ ಕಡಿಮೆ ಬರೋಕೆ ಆಗಲ್ಲ. ಜೂರಿಕ್ ಸುಮಾರು 7,500 ಕಿ.ಮೀ., 75ಕ್ಕಿಂತ ಕಡಿಮೆ ಬರಲ್ಲ. ಕೇಬಲ್ ನೇರವಾಗಿ ಹೋಗಲ್ಲವಾದ್ದರಿಂದ ನಿಜವಾದ ಸಂಖ್ಯೆ ಇನ್ನೂ ಜಾಸ್ತಿ. ಐಪಿ ವಿಳಾಸ ಸುಳ್ಳು ಹೇಳಬಹುದು, ಬೆಳಕಿನ ವೇಗ ಹೇಳಲ್ಲ. ಹಾಗಾಗಿ ಗಡಿ ಇದೆ. ದಾಟೋದು ಸುಲಭ, ಅಷ್ಟೇ.

ಒಂದನೇ ಹಿಡಿತ: ತಂತಿ

ನಮ್ಮ ದೇಶದೊಳಗಿನ ಇಂಟರ್ನೆಟ್ ಕಂಪನಿಗಳು ಇಲ್ಲಿನ ಲೈಸೆನ್ಸ್ ತಗೊಂಡೇ ಕೆಲಸ ಮಾಡಬೇಕು. ಸರ್ಕಾರ ಹೇಳಿದ ಸೈಟನ್ನ ಅವು ಮುಚ್ಚಲೇಬೇಕು. ಇದಕ್ಕೆ ಆಧಾರ ಮೇಲೆ ಹೇಳಿದ ಕಲಂ 69ಎ ಮತ್ತು 2009ರ ತಡೆ ನಿಯಮಗಳು.

ಈ ಅಧಿಕಾರ ಯಾಕೆ ಬೇಕು ಅನ್ನೋದಕ್ಕೆ ಬೆಂಗಳೂರೇ ಸಾಕ್ಷಿ. 2012ರ ಆಗಸ್ಟಿನಲ್ಲಿ, ಅಸ್ಸಾಮಿನ ಗಲಭೆಯ ಬೆನ್ನಲ್ಲೇ, ಈಶಾನ್ಯ ರಾಜ್ಯದವರ ಮೇಲೆ ಬೆಂಗಳೂರಿನಲ್ಲಿ ದಾಳಿ ಆಗತ್ತೆ ಅನ್ನೋ ಸುಳ್ಳು ಸುದ್ದಿ ಎಸ್‌ಎಂಎಸ್‌ನಲ್ಲಿ ಹರಡಿತು. ಸಾವಿರಾರು ಜನ ಕೆಲಸ, ಕಾಲೇಜು ಬಿಟ್ಟು ಗುವಾಹಟಿ ರೈಲು ಹತ್ತಿದರು. ಯಾವುದೋ ಊರಿನ ಹಳೇ ಫೋಟೋಗಳನ್ನು ತಿದ್ದಿ ಹಂಚಿದ್ದರು, ಅದರಲ್ಲಿ ಹೆಚ್ಚಿನವು ಪಾಕಿಸ್ತಾನದಿಂದ ಬಂದವು ಅಂತ ಕೇಂದ್ರ ಸರ್ಕಾರ ಹೇಳಿತು. ಒಬ್ಬರು ದಿನಕ್ಕೆ 5 ಎಸ್‌ಎಂಎಸ್ ಮಾತ್ರ ಕಳಿಸಬಹುದು ಅಂತ ಮಿತಿ ಹಾಕಿತು, ಪುಟಗಳನ್ನು ತಡೆಯೋಕೂ ಆದೇಶ ಮಾಡಿತು. ಬೆಂಗಳೂರಿನ ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಣಿಸಿದಾಗ ಆಗಸ್ಟ್ 18ರಿಂದ 21ರವರೆಗೆ 309 ಪುಟ, ಖಾತೆ, ಚಿತ್ರಗಳು ಆ ಪಟ್ಟಿಯಲ್ಲಿದ್ದವು. ವಿಚಿತ್ರ ಅಂದ್ರೆ, ‘ಈ ಫೋಟೋ ಸುಳ್ಳು’ ಅಂತ ಬಿಡಿಸಿ ಹೇಳಿದ ಬರಹಗಳೂ ಅದರಲ್ಲಿ ಸೇರಿಹೋಗಿದ್ದವು.

ಇನ್ನೊಂದು ಉದಾಹರಣೆ ನಮ್ಮ ಬ್ರಾಂಚಿನವರಿಗೆ ಚೆನ್ನಾಗಿ ನಾಟತ್ತೆ. 2014ರ ಡಿಸೆಂಬರಿನಲ್ಲಿ ಉಗ್ರ ಸಂಘಟನೆ ಐಸಿಸ್‌ನ ಪ್ರಚಾರ ತಡೆಯೋಕೆ ಅಂತ 32 ಸೈಟುಗಳನ್ನು ಮುಚ್ಚಿಸಿದರು. ಪಟ್ಟಿಯಲ್ಲಿ ಗಿಟ್‌ಹಬ್, ಸೋರ್ಸ್‌ಫೋರ್ಜ್, ಇಂಟರ್ನೆಟ್ ಆರ್ಕೈವ್, ವಿಮಿಯೋ ಇದ್ದವು! ಯಾರೋ ಒಂದು ಪುಟ ಹಾಕಿದ್ದಕ್ಕೆ ದೇಶದ ಪ್ರೋಗ್ರಾಮರ್‌ಗಳ ಕೋಡ್‌ಗೇ ಬೀಗ ಬಿತ್ತು. ಆಮೇಲೆ ಹಂತ ಹಂತವಾಗಿ ತೆಗೆದರು.

ಒಂದು ಪುಟಕ್ಕೆ ಇಡೀ ಸೈಟು ಯಾಕೆ? ಇದಕ್ಕೆ ಉತ್ತರ ನಮ್ಮ ನೆಟ್‌ವರ್ಕ್ಸ್ ಪಾಠದಲ್ಲೇ ಇದೆ. ಎಚ್‌ಟಿಟಿಪಿಎಸ್ ಬಂದ ಮೇಲೆ ಯುಆರ್‌ಎಲ್‌ನ ಹಿಂದಿನ ಭಾಗ, ಅಂದ್ರೆ ಯಾವ ಪುಟ ಅನ್ನೋದು, ಗೂಢಲಿಪಿಯೊಳಗೆ ಅಡಗಿಹೋಗತ್ತೆ. ಇಂಟರ್ನೆಟ್ ಕಂಪನಿಗೆ ಕಾಣೋದು ಡಿಎನ್‌ಎಸ್ ಪ್ರಶ್ನೆ, ಐಪಿ ವಿಳಾಸ ಮತ್ತು ಟಿಎಲ್‌ಎಸ್ ಶುರುವಾಗುವಾಗ ಹೋಗೋ ಡೊಮೇನ್ ಹೆಸರು. ಲಕೋಟೆ ಮೇಲೆ ಮನೆ ನಂಬರ್ ಮಾತ್ರ ಇದೆ, ಒಳಗಿನ ಕಾಗದ ಕಾಣಲ್ಲ. ಹಾಗಾಗಿ ತಂತಿ ಹಿಡಿದವರು ಮನೆ ಬಾಗಿಲನ್ನೇ ಮುಚ್ಚಬೇಕು. ಒಂದೇ ಪುಟ ತೆಗೆಯೋ ಶಕ್ತಿ ಇರೋದು ಆ ಸೈಟಿನ ಮಾಲೀಕರಿಗೆ ಮಾತ್ರ.

ಇಮೇಲ್ ವಿಷಯಕ್ಕೆ ಬಂದರೆ ಇನ್ನೂ ಗೋಜಲು. ಒಬ್ಬ ಪ್ರೋಟಾನ್‌ನಿಂದ ನಿಮ್ಮ ಜಿಮೇಲ್‌ಗೆ ಕಾಗದ ಕಳಿಸಿದ ಅನ್ಕೊಳ್ಳಿ. ಅದು ಪ್ರೋಟಾನ್‌ನ ಸರ್ವರಿಂದ ಗೂಗಲ್‌ನ ಸರ್ವರಿಗೆ ನೇರ ಹೋಗತ್ತೆ. ಆ ದಾರೀಲಿ ನಮ್ಮ ದೇಶದ ಇಂಟರ್ನೆಟ್ ಕಂಪನಿ ಇರಲೇಬೇಕು ಅಂತೇನಿಲ್ಲ. ಇಲ್ಲಿ ಪ್ರೋಟಾನ್ ಸೈಟ್ ಮುಚ್ಚಿದರೆ ಲಾಗಿನ್ ಆಗೋಕೆ ಕಷ್ಟ ಆಗೋದು ವಿಪಿಎನ್ ಹಾಕದ ಸಾಮಾನ್ಯ ಬಳಕೆದಾರನಿಗೆ. ಕೇಡು ಮಾಡಲೇಬೇಕು ಅಂತ ಕೂತವನು ವಿಪಿಎನ್ ಹಾಕ್ಕೊಂಡು ಕಳಿಸ್ತಾನೆ, ಅದು ಆಕೆಯ ಇನ್‌ಬಾಕ್ಸಿಗೆ ಮುಂಚಿನಷ್ಟೇ ಸಲೀಸಾಗಿ ಬಂದು ಬೀಳತ್ತೆ. ಇನ್ನೊಂದು ಮಾತು: 69ಎ ಕಲಂ ಬಳಸೋಕೆ ಕಾನೂನು ಕೊಟ್ಟಿರೋ ಕಾರಣಗಳು ದೇಶದ ಸಾರ್ವಭೌಮತೆ ಮತ್ತು ಸಮಗ್ರತೆ, ರಕ್ಷಣೆ, ರಾಜ್ಯದ ಭದ್ರತೆ, ವಿದೇಶಗಳ ಜೊತೆಗಿನ ಸ್ನೇಹ, ಸಾರ್ವಜನಿಕ ಸುವ್ಯವಸ್ಥೆ, ಇವಕ್ಕೆ ಸಂಬಂಧಿಸಿದ ಅಪರಾಧಕ್ಕೆ ಪ್ರಚೋದನೆ. ಅಶ್ಲೀಲತೆ ಅನ್ನೋದು ಆ ಪಟ್ಟಿಯಲ್ಲಿಲ್ಲ.

ಎರಡನೇ ಹಿಡಿತ: ಕಂಪನಿ

ಸರ್ವರ್ ಹೊರಗಿದ್ದರೂ ಕಂಪನಿಯ ಕಚೇರಿ, ನೌಕರರು, ಜಾಹೀರಾತಿನ ದುಡ್ಡು ಇಲ್ಲಿದ್ದರೆ ಸರ್ಕಾರಕ್ಕೆ ಹಿಡಿಯೋಕೆ ಏನೋ ಸಿಕ್ಕಿತು. 2021ರ ಐಟಿ ನಿಯಮಗಳು ಮಾಡಿದ್ದು ಇದನ್ನೇ. 50 ಲಕ್ಷಕ್ಕಿಂತ ಹೆಚ್ಚು ನೋಂದಾಯಿತ ಬಳಕೆದಾರರಿರೋ ಸಾಮಾಜಿಕ ಜಾಲತಾಣಗಳು ಭಾರತದಲ್ಲೇ ವಾಸ ಇರೋ ಮುಖ್ಯ ಅನುಸರಣಾ ಅಧಿಕಾರಿ, ಸಂಪರ್ಕ ವ್ಯಕ್ತಿ, ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಸರಳವಾಗಿ ಹೇಳೋದಾದ್ರೆ, ಕರೆದ್ರೆ ಬರೋಕೆ ಇಲ್ಲಿ ಒಬ್ಬ ಮನುಷ್ಯ ಇರಬೇಕು.

ಈ ಹಿಡಿತದ ದೊಡ್ಡ ಕೇಸೂ ಬೆಂಗಳೂರಿನಲ್ಲೇ ನಡೀತು. 2021ರ ಫೆಬ್ರವರಿಯಿಂದ 2022ರ ಫೆಬ್ರವರಿವರೆಗೆ ಕೇಂದ್ರ ಕೊಟ್ಟ ತಡೆ ಆದೇಶಗಳ ಪೈಕಿ 39 ಯುಆರ್‌ಎಲ್‌ಗಳ ಬಗ್ಗೆ ಟ್ವಿಟರ್ 2022ರಲ್ಲಿ ಕರ್ನಾಟಕ ಹೈಕೋರ್ಟಿಗೆ ಹೋಯ್ತು. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅವರು ಅರ್ಜಿಯನ್ನು ವಜಾ ಮಾಡಿ 50 ಲಕ್ಷ ರೂಪಾಯಿ ದಂಡ ಹಾಕಿದರು. ಟ್ವೀಟ್ ಮಾತ್ರವಲ್ಲ, ಇಡೀ ಖಾತೆಯನ್ನೇ ತಡೆಯೋ ಅಧಿಕಾರ ಸರ್ಕಾರಕ್ಕಿದೆ ಅಂದರು. ಟ್ವಿಟರ್ ಮೇಲ್ಮನವಿ ಹಾಕಿತು.

2025ರ ಮಾರ್ಚಿನಲ್ಲಿ ಅದೇ ಕಂಪನಿ, ಈಗ ಎಕ್ಸ್ ಅನ್ನೋ ಹೆಸರಲ್ಲಿ, ಮತ್ತೆ ಬಂತು. ಈ ಸಲದ ತಕರಾರು ಗೃಹ ಸಚಿವಾಲಯದ ‘ಸಹಯೋಗ್’ ಪೋರ್ಟಲ್ ಬಗ್ಗೆ. ಬೇರೆ ಬೇರೆ ಇಲಾಖೆಗಳು, ರಾಜ್ಯಗಳ ಪೊಲೀಸರು ಕಲಂ 79(3)(ಬಿ) ಅಡಿಯಲ್ಲಿ ‘ಇದನ್ನ ತೆಗೀರಿ’ ಅಂತ ಕಂಪನಿಗೆ ಹೇಳೋ ಕಿಟಕಿ ಅದು. 69ಎ ಕಲಮಿನ ಸಮಿತಿ, ಲಿಖಿತ ಕಾರಣ ಇವೆಲ್ಲ ಬದಿಗೆ ಹೋಗ್ತಿವೆ ಅನ್ನೋದು ಎಕ್ಸ್‌ನ ವಾದ. 2025ರ ಸೆಪ್ಟೆಂಬರ್ 24ರಂದು ನ್ಯಾಯಮೂರ್ತಿ ನಾಗಪ್ರಸನ್ನ ಅವರು ಅದನ್ನೂ ವಜಾ ಮಾಡಿದರು. ಸಂವಿಧಾನದ 19ನೇ ವಿಧಿಯ ವಾಕ್ ಸ್ವಾತಂತ್ರ್ಯ ನಾಗರಿಕರಿಗೆ ಇರೋದು, ವಿದೇಶಿ ಕಂಪನಿ ಅದನ್ನ ಕೇಳೋಕಾಗಲ್ಲ. ಅಮೆರಿಕದಲ್ಲಿ ಅಲ್ಲಿನ ಕಾನೂನು ಪಾಲಿಸೋ ಕಂಪನಿ ಇಲ್ಲಿ ಇಲ್ಲಿನದನ್ನ ಪಾಲಿಸಬೇಕು ಅನ್ನೋದು ತೀರ್ಪಿನ ಮುಖ್ಯ ಮಾತು.

ಈ ಮಾತಲ್ಲಿ ತೂಕ ಇದೆ. ನಮ್ಮೂರಲ್ಲಿ ಅಂಗಡಿ ಇಟ್ಟವರು ನಮ್ಮೂರ ಕಾಯ್ದೆಗೆ ಬಗ್ಗಲೇಬೇಕು. ಆದರೆ ಒಂದು ಕೊಂಡಿ ಇಲ್ಲಿ ಕಳಚಿದೆ. 2009ರ ತಡೆ ನಿಯಮಗಳ 16ನೇ ನಿಯಮ, ದೂರು ಮತ್ತು ಕ್ರಮಗಳನ್ನು ಗುಟ್ಟಾಗಿಡಬೇಕು ಅನ್ನತ್ತೆ. ಮಾಗಡಿಯ ಒಬ್ಬ ನಾಗರಿಕನ ಪೋಸ್ಟ್ ಮಾಯ ಆದರೆ ಯಾಕೆ ಅಂತ ಅವನಿಗೆ ತಿಳಿಯದೇ ಇರಬಹುದು. ಕಾರಣ ಗೊತ್ತಿರೋ ಕಂಪನಿಗೆ ಆ ಹಕ್ಕಿಲ್ಲ, ಹಕ್ಕಿರೋ ಅವನಿಗೆ ಕಾರಣ ಗೊತ್ತಿಲ್ಲ. ಕೋರ್ಟಲ್ಲಿ ಕೇಳೋರು ಯಾರು?

ಈ ಹಿಡಿತಕ್ಕೆ ಇನ್ನೊಂದು ಮಿತಿ ಇದೆ: ಹಿಡಿತ ಜಾಸ್ತಿ ಆದ್ರೆ ಕಂಪನಿ ಗಂಟುಮೂಟೆ ಕಟ್ಟತ್ತೆ. 2022ರ ಏಪ್ರಿಲ್ 28ರಂದು ಸರ್ಟ್-ಇನ್ ಸಂಸ್ಥೆ, ವಿಪಿಎನ್ ಕಂಪನಿಗಳು ಗ್ರಾಹಕರ ವಿವರವನ್ನು 5 ವರ್ಷ ಇಟ್ಟಿರಬೇಕು ಅಂತ ನಿರ್ದೇಶನ ಕೊಟ್ಟಿತು. ಎಕ್ಸ್‌ಪ್ರೆಸ್‌ವಿಪಿಎನ್, ಸರ್ಫ್‌ಶಾರ್ಕ್, ಪ್ರೋಟಾನ್ ವಿಪಿಎನ್ ತಮ್ಮ ಸರ್ವರ್‌ಗಳನ್ನು ಭಾರತದಿಂದ ಎತ್ತಿದವು. ಆದರೂ ಆಪ್‌ನಲ್ಲಿ ‘ಇಂಡಿಯಾ’ ಅನ್ನೋ ಆಯ್ಕೆ ಉಳೀತು. ಐಪಿ ವಿಳಾಸ ಭಾರತದ್ದು, ಡಬ್ಬ ಮಾತ್ರ ಸಿಂಗಾಪುರದಂಥ ಕಡೆ. ಪಿಂಗ್ ಲೆಕ್ಕ ಗೊತ್ತಿದ್ದವರಿಗೆ ಇದು ಕೂಡಲೇ ಗೊತ್ತಾಗತ್ತೆ. ಬ್ರೆಜಿಲಿನಲ್ಲಿ ಇದೇ ಆಟ ದೊಡ್ಡದಾಗಿ ನಡೀತು. 2024ರ ಆಗಸ್ಟಿನಲ್ಲಿ ಎಕ್ಸ್ ಅಲ್ಲಿನ ಕಚೇರಿ ಮುಚ್ಚಿತು, ಕಾನೂನು ಪ್ರತಿನಿಧಿಯನ್ನು ನೇಮಿಸಲಿಲ್ಲ. ಅಲ್ಲಿನ ಸುಪ್ರೀಂ ಕೋರ್ಟು ಆಗಸ್ಟ್ 30ರಂದು ಇಡೀ ಎಕ್ಸ್ ತಡೆಯೋಕೆ ಹೇಳಿತು. ದಂಡ ಕಟ್ಟಿ, ಪ್ರತಿನಿಧಿಯನ್ನು ಹೆಸರಿಸಿದ ಮೇಲೆ ಅಕ್ಟೋಬರ್ 8ರಂದು ವಾಪಸ್ ಬಿಟ್ಟರು. ಕಂಪನಿ ಕೈಗೆ ಸಿಗದಿದ್ದಾಗ ಸರ್ಕಾರಗಳು ಮತ್ತೆ ತಂತಿಗೇ ಕೈ ಹಾಕ್ತವೆ.

ಮೂರನೇ ಹಿಡಿತ: ಇನ್ನೊಂದು ಸರ್ಕಾರ

ಸ್ವಿಸ್ ದಂಡ ಸಂಹಿತೆಯ 271ನೇ ವಿಧಿ ಪ್ರಕಾರ, ಆ ನೆಲದಲ್ಲಿ ಅನುಮತಿ ಇಲ್ಲದೆ ಬೇರೆ ದೇಶದ ಅಧಿಕಾರಿಯ ಕೆಲಸ ಮಾಡಿಕೊಡೋದೇ ಅಪರಾಧ. ಬೆಂಗಳೂರು ಪೊಲೀಸರು ನೇರವಾಗಿ ಬರೆದ ಪತ್ರಕ್ಕೆ ಅಲ್ಲಿನ ಕಂಪನಿ ವಿವರ ಕೊಟ್ಟರೆ ತೊಂದರೆ ಅದಕ್ಕೇ. ಹಾಗಂತ ಅದು ಯಾರಿಗೂ ಬಗ್ಗಲ್ಲ ಅಂತಲ್ಲ. 2021ರಲ್ಲಿ ಫ್ರಾನ್ಸಿನ ಪೊಲೀಸರು ಒಬ್ಬ ಹವಾಮಾನ ಹೋರಾಟಗಾರರ ವಿವರ ಬೇಕು ಅಂತ ಯೂರೋಪೋಲ್ ಮೂಲಕ ಸ್ವಿಸ್ ಅಧಿಕಾರಿಗಳನ್ನು ಕೇಳಿದರು. ಸ್ವಿಸ್ ಕಡೆಯಿಂದ ಕಾನೂನುಬದ್ಧ ಆದೇಶ ಬಂದಾಗ ಪ್ರೋಟಾನ್ ಆ ಖಾತೆಯ ಐಪಿ ವಿಳಾಸ ದಾಖಲಿಸಿ ಕೊಟ್ಟಿತು. ಕಾಗದದ ಒಳಗಿನ ಮಾತು ಗೂಢಲಿಪಿಯಲ್ಲಿದ್ದದ್ದರಿಂದ ಅದು ಸಿಗಲಿಲ್ಲ, ಆದರೆ ಯಾರು ಅನ್ನೋದು ಸಿಕ್ಕಿತು. ಮೂರು ಹಿಡಿತಗಳಲ್ಲಿ ಕಳಿಸಿದವನ ತನಕ ಹೋಗಿದ್ದು ಇದೊಂದೇ. ಇದು ಕೂಡ ಸಲೀಸಾದ ದಾರಿಯಲ್ಲ: ಹೋರಾಟಗಾರನ ಮೇಲೂ ಇದನ್ನ ಬಳಸಬಹುದು ಅನ್ನೋದು ಈ ಉದಾಹರಣೆಯಲ್ಲೇ ಇದೆ. ಆದರೂ ಇಲ್ಲಿ ಎರಡು ದೇಶಗಳು ಒಪ್ಪಬೇಕು, ಕಾಗದದ ಮೇಲೆ ಕಾರಣ ಇರಬೇಕು, ಹೆಸರು ಒಬ್ಬರದ್ದಿರಬೇಕು.

ಇದರ ಕಷ್ಟ ಅಂದ್ರೆ ನಿಧಾನ. ಠಾಣೆಯಿಂದ ಹೊರಟ ಕೋರಿಕೆ ರಾಜ್ಯ ಸರ್ಕಾರದ ಮೂಲಕ ದೆಹಲಿಯ ಗೃಹ ಸಚಿವಾಲಯಕ್ಕೆ, ಅಲ್ಲಿಂದ ಆ ದೇಶದ ಸಚಿವಾಲಯಕ್ಕೆ, ಅಲ್ಲಿಂದ ಅಲ್ಲಿನ ಕೋರ್ಟಿಗೋ ಪ್ರಾಸಿಕ್ಯೂಟರಿಗೋ, ಕೊನೆಗೆ ಕಂಪನಿಗೆ ಹೋಗಬೇಕು. ಉತ್ತರ ಅದೇ ದಾರೀಲಿ ವಾಪಸ್ ಬರಬೇಕು. ಎರಡೂ ದೇಶದಲ್ಲಿ ಅದು ಅಪರಾಧ ಆಗಿರಬೇಕು ಅನ್ನೋ ಷರತ್ತು ಸಾಮಾನ್ಯ. ಅಷ್ಟರಲ್ಲಿ ಸರ್ವರಿನ ಲಾಗ್ ಅಳಿಸಿಹೋಗಿರಬಹುದು.

ಈ ದಾರಿ ರಿಪೇರಿ ಮಾಡೋ ಪ್ರಯತ್ನಗಳಿವೆ. 2001ರ ಬುಡಾಪೆಸ್ಟ್ ಒಪ್ಪಂದದಲ್ಲಿ, ಪೂರ್ತಿ ಕೋರಿಕೆ ಬರೋ ಮುಂಚೆಯೇ ಲಾಗ್ ಅಳಿಸದಂತೆ ತಡೆಯೋ ವ್ಯವಸ್ಥೆ ಇದೆ. ಭಾರತ ಅದಕ್ಕೆ ಸೇರಿಲ್ಲ. ಅಮೆರಿಕದ 2018ರ ಕ್ಲೌಡ್ ಕಾಯ್ದೆಯಡಿ ಒಪ್ಪಂದ ಮಾಡ್ಕೊಂಡ ದೇಶದ ಪೊಲೀಸರು ಅಮೆರಿಕನ್ ಕಂಪನಿಯನ್ನು ನೇರವಾಗಿ ಕೇಳಬಹುದು. ಬ್ರಿಟನ್ ಜೊತೆಗಿನ ಒಪ್ಪಂದ 2022ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ವಿಶ್ವಸಂಸ್ಥೆಯ ಮಹಾಸಭೆ 2024ರ ಡಿಸೆಂಬರ್ 24ರಂದು ಸೈಬರ್ ಅಪರಾಧದ ಹೊಸ ಒಪ್ಪಂದವನ್ನು ಅಂಗೀಕರಿಸಿತು. 40 ದೇಶಗಳು ಅನುಮೋದಿಸಿದ ಮೇಲೆ ಅದು ಜಾರಿಗೆ ಬರಬೇಕು.

ಒಂದು ಆದೇಶ ಎಷ್ಟು ದೂರ ಹೋಗಬೇಕು?

ಕಂಪನಿ ಆದೇಶ ಒಪ್ಪಿತು ಅಂತಲೇ ಇಟ್ಕೊಳ್ಳೋಣ. ಭಾರತದಲ್ಲಿ ಮಾತ್ರ ಮರೆಮಾಡಿದರೆ ಸಾಕಾ, ಜಗತ್ತಿಡೀ ತೆಗೀಬೇಕಾ? ದೆಹಲಿ ಹೈಕೋರ್ಟು 2019ರ ಅಕ್ಟೋಬರಿನ ಒಂದು ತೀರ್ಪಿನಲ್ಲಿ ಎರಡು ಭಾಗ ಮಾಡಿತು: ಭಾರತದಿಂದ ಅಪ್‌ಲೋಡ್ ಆಗಿದ್ದನ್ನು ಜಗತ್ತಿನಾದ್ಯಂತ ತೆಗೀರಿ, ಹೊರಗಿಂದ ಆಗಿದ್ದನ್ನು ಭಾರತದಲ್ಲಷ್ಟೇ ಕಾಣದ ಹಾಗೆ ಮಾಡಿ. ಆಸ್ಟ್ರೇಲಿಯಾದಲ್ಲಿ 2024ರ ಏಪ್ರಿಲಿನಲ್ಲಿ ಸಿಡ್ನಿಯ ಚರ್ಚೊಂದರಲ್ಲಿ ನಡೆದ ಚೂರಿ ಇರಿತದ ವಿಡಿಯೋವನ್ನು ಜಗತ್ತಿನಾದ್ಯಂತ ತೆಗೀಬೇಕು ಅಂತ ಅಲ್ಲಿನ ಇ-ಸೇಫ್ಟಿ ಆಯುಕ್ತರು ಪಟ್ಟು ಹಿಡಿದರು. ತಾತ್ಕಾಲಿಕ ಆದೇಶವನ್ನು ಮುಂದುವರಿಸೋಕೆ ಮೇ 13ರಂದು ಫೆಡರಲ್ ಕೋರ್ಟು ಒಪ್ಪಲಿಲ್ಲ.

ನಮ್ಮ ಕೋರ್ಟಿನ ಮಾತು ಜಗತ್ತಿಡೀ ನಡೆದರೆ ಖುಷಿ ಅನ್ನಿಸಬಹುದು. ಆದರೆ ಅದೇ ಹಕ್ಕು ಎಲ್ಲಾ ದೇಶಕ್ಕೂ ಸಿಗತ್ತೆ. ಯಾವುದೋ ದೇಶದ ರಾಜನನ್ನು ಟೀಕಿಸಿ ನೀವು ಕನ್ನಡದಲ್ಲಿ ಬರೆದ ಲೇಖನ, ಅಲ್ಲಿನ ಕಾನೂನಿಗೆ ತಪ್ಪು ಅಂತ ಇಲ್ಲೂ ಮಾಯ ಆದ್ರೆ? ಎಲ್ಲಾ ದೇಶಗಳೂ ಹೀಗೆ ಮಾಡಿದರೆ ಕೊನೆಗೆ ಉಳಿಯೋದು ಎಲ್ಲರಿಗೂ ಒಪ್ಪಿತ ಆಗೋ ಪುಟಗಳು ಮಾತ್ರ.

ನಾವೇನು ಮಾಡಬಹುದು

ತಂತಿ ಮುಚ್ಚೋದು ಒಂದು ದಿನದ ಕೆಲಸ, ಟಿವಿಯಲ್ಲೂ ಕಾಣತ್ತೆ. ಪತ್ರದ ದಾರಿಗೆ ತಿಂಗಳುಗಟ್ಟಲೆ ಹಿಡಿಯಬಹುದು, ಯಾರಿಗೂ ಕಾಣಲ್ಲ. ಅದಕ್ಕೇ ಸರ್ಕಾರಗಳಿಗೆ ಮೊದಲನೆಯದರ ಮೇಲೆ ಒಲವು. 2012ರಂಥ ಭೀತಿಯ ದಿನಗಳಲ್ಲಿ, ಲಿಖಿತ ಕಾರಣದ ಜೊತೆ, ಸ್ವಲ್ಪ ಕಾಲಕ್ಕೆ ಅದೂ ಬೇಕಾಗಬಹುದು. ಆದರೆ ಒಬ್ಬ ಮಹಿಳೆಗೆ ಒಬ್ಬ ಕೊಡೋ ಕಿರುಕುಳಕ್ಕೆ ಬೇಕಾಗಿರೋದು ಆ ಒಬ್ಬನ ವಿಳಾಸ. ಸರ್ಕಾರದ ಬುದ್ಧಿ, ದುಡ್ಡು ಆ ಪತ್ರದ ದಾರಿ ರಿಪೇರಿಗೆ ಹೋಗಬೇಕು.

ನಮ್ಮಲ್ಲಿ ಯಾರಿಗಾದರೂ, ಅದರಲ್ಲೂ ಹುಡುಗಿಯರಿಗೆ, ಇಂಥ ಇಮೇಲ್ ಬಂದರೆ ಅಳಿಸಬೇಡಿ. ಸ್ಕ್ರೀನ್‌ಶಾಟ್ ಒಂದೇ ಸಾಲಲ್ಲ. ಜಿಮೇಲ್‌ನಲ್ಲಿ ‘ಶೋ ಒರಿಜಿನಲ್’ ಒತ್ತಿ ಪೂರ್ತಿ ಹೆಡರ್ ಸಮೇತ ಡೌನ್‌ಲೋಡ್ ಮಾಡಿಟ್ಟುಕೊಳ್ಳಿ. ಯಾವ ಸರ್ವರ್, ಯಾವ ಹೊತ್ತು ಅನ್ನೋದು ಅದರಲ್ಲಿರತ್ತೆ. ರಾಮನಗರದ ಸಿಇಎನ್ ಠಾಣೆಗಾಗಲಿ, ಹತ್ತಿರದ ಯಾವುದೇ ಠಾಣೆಗಾಗಲಿ ಹೋಗಿ ದೂರು ಕೊಡಿ. ದುಡ್ಡು ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಲಾಗ್ ಅಳಿಸದಂತೆ ಕಂಪನಿಗೆ ಕೂಡಲೇ ಬರೆಯಿರಿ ಅಂತ ದೂರಿನಲ್ಲೇ ಒಂದು ಸಾಲು ಸೇರಿಸಿ. ಪತ್ರ ನಿಧಾನವಾಗಿ ಹೋದರೂ, ಅದು ತಲುಪೋ ಹೊತ್ತಿಗೆ ಅಲ್ಲಿ ಲಾಗ್ ಉಳಿದಿರಬೇಕಲ್ವಾ?